ಪುಲ್ಲಂಪುರಚಿ ಮತ್ತು ಮಜ್ಜಿಗೆ

ನರ್ಸರಿಯಿಂದ ಗುಲಾಬಿಯನ್ನೋ ದಾಸವಾಳವನ್ನೋ ಕೊಂಡು ತಂದರೆ, ಅದೇ ಕುಂಡದ ಮಣ್ಣಿನಲ್ಲಿ ದುಡ್ಡು ಕೊಡದ ಇನ್ನೊಂದು ಗಿಡವೂ ಮನೆ ಸೇರಿರುತ್ತದೆ. ನಾಲ್ಕು ದಿನ ನೀರು ಬಿದ್ದರೆ ಸಾಕು, ಅದು ತಲೆಯೆತ್ತುತ್ತದೆ. ನೆಲಕ್ಕೆ ಅಂಟಿಕೊಂಡು ಹರಿಯುವ ತೆಳ್ಳನೆಯ ಕಾಂಡ, ಉದ್ದನೆಯ ತೊಟ್ಟಿನ ತುದಿಗೆ ಮೂರು ಎಲೆ, ಒಂದೊಂದು ಎಲೆಯ ತುದಿಯೂ ಒಳಕ್ಕೆ ಸೀಳಿ ಹೃದಯದ ಆಕಾರ, ಅಲ್ಲಲ್ಲಿ ಐದೆಸಳಿನ ಹಳದಿ ಹೂವು. ಕರಾವಳಿ, ಮಲೆನಾಡಿನವರು ಇದನ್ನು ಪುಲ್ಲಂಪುರಚಿ ಎನ್ನುತ್ತಾರೆ. ಹುಳಿಯಾರಲೆ ಎಂಬ ಹೆಸರೂ ಉಂಟು. ಹಲವು ಕಡೆ ಬರೀ ಹುಳಿಸೊಪ್ಪು ಎಂದರೂ ನಡೆಯುತ್ತದೆ. ಆದರೆ ಪುಂಡಿಸೊಪ್ಪು, ಸುಕ್ಕೆಸೊಪ್ಪುಗಳನ್ನೂ ಜನ ಹಾಗೆಯೇ ಕರೆಯುವುದರಿಂದ ಸಂತೆಯಲ್ಲಿ ಕೇಳುವಾಗ ಗೊಂದಲವಾಗಬಹುದು. ಆಯುರ್ವೇದದ ಚಾಂಗೇರಿ ಇದೇ. ಸಸ್ಯಶಾಸ್ತ್ರದಲ್ಲಿ ಇದು ಆಕ್ಸಾಲಿಸ್ ಕಾರ್ನಿಕ್ಯುಲೇಟ, 1753ರಲ್ಲಿ ಲಿನೇಯಸ್ ಕೊಟ್ಟ ಹೆಸರು.

ಎಲೆಯನ್ನು ಬಾಯಿಗಿಟ್ಟ ಕೂಡಲೇ ಏನೂ ತಿಳಿಯುವುದಿಲ್ಲ. ಹಲ್ಲಿಗೆ ಸಿಕ್ಕ ಮೇಲೆ ಹುಳಿ ಚುರ್ರೆಂದು ಏರುತ್ತದೆ, ಕಣ್ಣು ತಾನಾಗಿ ಕಿರಿದಾಗುತ್ತದೆ. ಹಳ್ಳಿಯ ಮಕ್ಕಳಿಗೆ ಎಲೆಗಿಂತ ಕಾಯಿ ಹೆಚ್ಚು ಇಷ್ಟ. ಒಂದೆರಡು ಸೆಂಟಿಮೀಟರ್ ಉದ್ದದ, ಐದು ಏಣಿನ ಆ ಕಾಯಿ ಬೊಂಬೆಮನೆಗೆಂದು ಮಾಡಿದ ಬೆಂಡೆಕಾಯಿಯಂತಿರುತ್ತದೆ. ಅದರೊಳಗಿನ ಎಳೆಬೀಜಕ್ಕೂ ಅದೇ ಹುಳಿ. ಉಪ್ಪು, ಖಾರದ ಪುಡಿ ಸಿಕ್ಕರಂತೂ ಸರಿಯೇ ಸರಿ.

ಗುರುತು ಹಿಡಿಯುವುದು ಕಷ್ಟವೇನಲ್ಲ, ಆದರೂ ಮೂರೆಲೆಯದೆಲ್ಲ ಪುಲ್ಲಂಪುರಚಿಯಲ್ಲ. ಹುಲ್ಲುಹಾಸಿನಲ್ಲಿ ಇದರ ಜೊತೆಗೇ ಹಬ್ಬುವ ಕಾಡುಮೆಂತ್ಯಕ್ಕೂ ಮೂರು ಪುಟ್ಟ ಎಲೆಗಳಿವೆ. ಅದು ಹುರುಳಿ, ಹೆಸರಿನ ಕುಟುಂಬಕ್ಕೆ ಸೇರಿದ್ದು, ಹೂವು ನಸುಗೆಂಪು, ಕಾಯಿ ಚಪ್ಪಟೆ, ಎಲೆಯಲ್ಲಿ ಹುಳಿಯಿಲ್ಲ. ದನಗಳ ಮೇವಿಗೆ ಬೆಳೆಸುವ ಕ್ಲೋವರ್ ಕೂಡ ಇದೇ ದ್ವಿದಳ ಬಳಗದ್ದು; ಅದರ ಎಲೆ ಮೊಟ್ಟೆಯಾಕಾರ, ತುದಿಯಲ್ಲಿ ಆಳವಾದ ಸೀಳು ಇರುವುದಿಲ್ಲ. ಪುಲ್ಲಂಪುರಚಿಯ ನಿಜವಾದ ನೆಂಟರು ಬೇರೆಯೇ. ಕರಾವಳಿಯ ಹಿತ್ತಿಲಲ್ಲಿ ಕಾಂಡಕ್ಕೇ ಗೊಂಚಲು ಕಟ್ಟುವ ಬಿಂಬುಳಿ, ಅಡ್ಡ ಕೊಯ್ದರೆ ನಕ್ಷತ್ರವಾಗುವ ದಾರೆಹುಳಿ, ಇವೆರಡೂ ಇದರ ಕುಟುಂಬದ ಮರಗಳು. ಒಂದು ಆಳೆತ್ತರ ಮೀರುವ ಮರ, ಇನ್ನೊಂದು ಪಾದದಡಿಯ ಬಳ್ಳಿ, ಇಬ್ಬರಿಗೂ ಸಮಾನವಾದದ್ದು ಹುಳಿ. ದೂರದ ಆಂಡೀಸ್ ಪರ್ವತದ ಜನ ಆಲೂಗಡ್ಡೆಯ ಜೊತೆಗೆ ಬೆಳೆಯುವ ಓಕಾ ಎಂಬ ಗೆಡ್ಡೆಯೂ ಆಕ್ಸಾಲಿಸ್ ಕುಲದ್ದೇ. ಅಗೆದ ಗೆಡ್ಡೆಯನ್ನು ಅವರು ಕೆಲವು ದಿನ ಬಿಸಿಲಿಗೆ ಹರವುತ್ತಾರೆ; ಹುಳಿ ತಗ್ಗಿ ಸಿಹಿ ಏರುತ್ತದೆ.

ತೋಟಗಾರರಿಗೆ ಈ ಗಿಡವೆಂದರೆ ತಲೆನೋವು, ಅದಕ್ಕೆ ಕಾರಣವೂ ಇದೆ. ಹರಿದು ಹೋಗುವ ಕಾಂಡ ಗೆಣ್ಣುಗೆಣ್ಣಿಗೆ ಬೇರು ಬಿಡುತ್ತದೆ. ಮೇಲಿಂದ ಎಳೆದರೆ ಕಾಂಡ ತುಂಡಾಗಿ ಬೇರು ಮಣ್ಣಲ್ಲೇ ಉಳಿಯುತ್ತದೆ. ಬೀಜದ ವ್ಯವಸ್ಥೆ ಇನ್ನೂ ಚೆಂದ. ಪ್ರತಿ ಬೀಜದ ಸುತ್ತ ತೆಳುವಾದ, ನೀರು ತುಂಬಿದ ಹೊದಿಕೆಯಿದೆ. ಕಾಯಿ ಬಲಿತಾಗ ಆ ಹೊದಿಕೆಯೊಳಗಿನ ಬಿಗಿತ ಏರಿ, ಏರಿ, ಒಂದು ಕ್ಷಣಕ್ಕೆ ಅದು ಒಳಹೊರಗಾಗಿ ತಿರುಚಿಕೊಳ್ಳುತ್ತದೆ. ಬೀಜ ಕಾಯಿಯ ಸೀಳಿನಿಂದ ಚಿಮ್ಮಿ ಒಂದೆರಡು ಮೀಟರ್ ದೂರಕ್ಕೆ ಬೀಳುತ್ತದೆ. ಬಲಿತ ಕಾಯಿಯನ್ನು ಬೆರಳಿನಿಂದ ಮೆಲ್ಲಗೆ ಒತ್ತಿದರೆ ಪಟಪಟನೆ ಸಿಡಿಯುವುದನ್ನು ಅಂಗೈಯಲ್ಲೇ ಕಾಣಬಹುದು. ಸಿಡಿದ ಬೀಜ ಒದ್ದೆಯಾಗಿ ಅಂಟಂಟಾಗಿರುವುದರಿಂದ ಕುಂಡದ ಹೊರಮೈಗೂ ತೋಟದವನ ಚಪ್ಪಲಿಗೂ ಹತ್ತಿಕೊಳ್ಳುತ್ತದೆ. ಕುಂಡದ ಗಿಡಗಳ ವ್ಯಾಪಾರ ಜಗತ್ತಿನ ಯಾವ ಮೂಲೆಗೆ ಹೋಯಿತೋ ಅಲ್ಲಿಗೆಲ್ಲ ಪುಲ್ಲಂಪುರಚಿಯೂ ಹೋಗಿದೆ. ಎಲ್ಲಿ ನೋಡಿದರೂ ಇರುವುದರಿಂದ ಇದರ ಮೂಲ ನೆಲೆ ಯಾವುದೆಂಬ ಚರ್ಚೆ ಸಸ್ಯವಿಜ್ಞಾನಿಗಳಲ್ಲಿ ಇಂದಿಗೂ ಮುಗಿದಿಲ್ಲ.

ಸಂಜೆಯಾದಂತೆ ಇದರ ಎಲೆಗಳು ನಡುನರದ ಗುಂಟ ಮಡಿಚಿ ತೊಟ್ಟಿನತ್ತ ಇಳಿಬೀಳುತ್ತವೆ. ಸುಡುಬಿಸಿಲಿನ ಮಧ್ಯಾಹ್ನದಲ್ಲೂ ಹಾಗೆಯೇ. ಎಲೆಗಳು ತೊಟ್ಟಿಗೆ ಸೇರುವಲ್ಲಿರುವ ಗಂಟಿನ ಕೋಶಗಳಿಂದ ನೀರು ಒಳಹೊರಗೆ ಹರಿಯುವುದರಿಂದ ಈ ಚಲನೆ. 1880ರಲ್ಲಿ ಬಂದ ಗಿಡಗಳ ಚಲನೆಯ ಬಗೆಗಿನ ಗ್ರಂಥದಲ್ಲಿ ಚಾರ್ಲ್ಸ್ ಡಾರ್ವಿನ್ ಆಕ್ಸಾಲಿಸ್ ಕುಲದ ಗಿಡಗಳ ನಿದ್ದೆಯನ್ನು ಪರೀಕ್ಷಿಸಿದ ವಿವರಗಳಿವೆ. ಕೆಲವು ಎಲೆಗಳನ್ನು ಮಡಿಚಲು ಬಿಡದೆ ಬೆಂಡಿಗೆ ಪಿನ್ನು ಚುಚ್ಚಿ ಬಿಡಿಸಿಟ್ಟು, ಕೊರೆಯುವ ರಾತ್ರಿಯಲ್ಲಿ ಬಯಲಿಗಿಟ್ಟರು. ಮಡಿಚಿಕೊಂಡ ಎಲೆಗಳಿಗಿಂತ ಬಿಡಿಸಿಟ್ಟ ಎಲೆಗಳೇ ಹಿಮಕ್ಕೆ ಹೆಚ್ಚು ಹಾಳಾದವು.

ಗಿಡಕ್ಕೆ ಅತಿ ಹೆಚ್ಚು ಗೌರವ ಸಂದಿರುವುದು ಜಪಾನಿನಲ್ಲಿ. ಅಲ್ಲಿ ಇದು ಕತಬಾಮಿ. ಕಿತ್ತಷ್ಟೂ ಮತ್ತೆ ಹುಟ್ಟುವ ಇದರ ಗುಣವನ್ನೇ ವಂಶ ಅಳಿಯದೆ ಬೆಳೆಯಲಿ ಎಂಬ ಹಾರೈಕೆಯಾಗಿ ತೆಗೆದುಕೊಂಡು ಅಲ್ಲಿನ ಯೋಧ ಮನೆತನಗಳು ಮೂರೆಲೆಯ ಚಿತ್ರವನ್ನು ತಮ್ಮ ಲಾಂಛನವಾಗಿಸಿದವು. ತೋಸಾ ಸೀಮೆಯ ಚೋಸೋಕಾಬೆ, ತೊಕುಗಾವಾ ದೊರೆಗಳ ಆಪ್ತ ಸಕಾಯ್ ಮನೆತನಗಳು ಇದೇ ಎಲೆಯ ಗುರುತು ಹೊತ್ತವರು. ಜಪಾನಿನ ಅತಿ ಜನಪ್ರಿಯ ಕುಟುಂಬ ಲಾಂಛನಗಳ ಸಾಲಿನಲ್ಲಿ ಕತಬಾಮಿ ಈಗಲೂ ಇದೆ. ಹಿಂದೆ ಕಂಚಿನ ಕನ್ನಡಿಗಳನ್ನು ಇದೇ ಎಲೆಯಿಂದ ಉಜ್ಜಿ ಹೊಳಪು ಬರಿಸುತ್ತಿದ್ದರು. ನಮ್ಮ ಮನೆಗಳಲ್ಲಿ ಹಿತ್ತಾಳೆಯ ದೀಪಕ್ಕೆ ಹುಣಸೆಹಣ್ಣು ಮಾಡುವ ಕೆಲಸವದು.

ಅದೇ ದೇಶದ ವಿಜ್ಞಾನಿಗಳು ಈಚೆಗೆ ಇದರಲ್ಲಿ ಮತ್ತೊಂದು ಸಂಗತಿ ಕಂಡರು. ಪುಲ್ಲಂಪುರಚಿಯಲ್ಲಿ ಹಸಿರೆಲೆಯದೂ ಇದೆ, ಕಂದುಗೆಂಪು ಎಲೆಯದೂ ಇದೆ. ಚಿಬಾ ವಿಶ್ವವಿದ್ಯಾಲಯದ ಯುಯಾ ಫುಕಾನೋ ಮತ್ತು ಸಂಗಡಿಗರು 2023ರಲ್ಲಿ ಸೈನ್ಸ್ ಅಡ್ವಾನ್ಸಸ್ ಪತ್ರಿಕೆಯಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ ಕೆಂಪೆಲೆಯ ಗಿಡಗಳು ನಗರದ ಕಾಂಕ್ರೀಟು, ಡಾಂಬರಿನ ನಡುವೆ ಹೆಚ್ಚು. ಹೊಲ, ಉದ್ಯಾನದ ಹಸಿರು ಜಾಗಗಳಲ್ಲಿ ಕಡಿಮೆ. ಎರಡನ್ನೂ ಬೆಳೆಸಿ ನೋಡಿದಾಗ ಹೆಚ್ಚಿನ ಶಾಖದಲ್ಲಿ ಕೆಂಪೆಲೆಯದು ಚೆನ್ನಾಗಿ ಬೆಳೆಯಿತು, ತಂಪಿನಲ್ಲಿ ಹಸಿರೆಲೆಯದು ಗೆದ್ದಿತು. ಹಸಿರೆಲೆಯ ಪೂರ್ವಜರಿಂದ ಕೆಂಪೆಲೆ ಒಂದಕ್ಕಿಂತ ಹೆಚ್ಚು ಬಾರಿ ಬೇರೆಬೇರೆಯಾಗಿ ಮೂಡಿರುವ ಸುಳಿವೂ ವಂಶವಾಹಿಗಳಲ್ಲಿ ಸಿಕ್ಕಿತು. ನಗರದ ಬೇಗೆ ಒಂದು ಗಿಡದ ಬಣ್ಣವನ್ನೇ ಬದಲಿಸುತ್ತಿದೆ ಎಂಬುದು ಸಣ್ಣ ಮಾತಲ್ಲ. ಬೆಂಗಳೂರು, ಹುಬ್ಬಳ್ಳಿಯ ಕಾಲೇಜು ವಿದ್ಯಾರ್ಥಿಗಳಿಗೆ ಇದು ಖರ್ಚಿಲ್ಲದ ಪ್ರಾಜೆಕ್ಟು. ಫುಟ್‌ಪಾತಿನ ಸೀಳಿನಲ್ಲಿ ಎಷ್ಟು ಕೆಂಪು, ಪಾರ್ಕಿನ ನೆರಳಲ್ಲಿ ಎಷ್ಟು ಹಸಿರು ಎಂದು ಎಣಿಸಲು ಒಂದು ನೋಟ್‌ಬುಕ್ಕು ಸಾಕು.

ಇನ್ನು ಹುಳಿಯ ಮಾತು. ಅದು ಆಕ್ಸಾಲಿಕ್ ಆಮ್ಲದ್ದು. ಆಮ್ಲಕ್ಕೆ ಆ ಹೆಸರು ಬಂದದ್ದೇ ಈ ಕುಲದ ಗಿಡಗಳಿಂದ. ಯುರೋಪಿನ ಕಾಡಿನಲ್ಲಿ ಬೆಳೆಯುವ ಇದರ ಬಿಳಿಹೂವಿನ ಸೋದರಿಯ ರಸ ಬತ್ತಿಸಿ ತೆಗೆದ ಉಪ್ಪನ್ನು ಅಲ್ಲಿನವರು ಬಟ್ಟೆಯ ಮೇಲಿನ ಮಸಿಕಲೆ, ತುಕ್ಕಿನ ಕಲೆ ತೆಗೆಯಲು ಬಳಸುತ್ತಿದ್ದರು. ಸ್ವೀಡನ್ನಿನ ಕಾರ್ಲ್ ವಿಲ್‌ಹೆಲ್ಮ್ ಶೀಲೆ 1776ರಲ್ಲಿ ಸಕ್ಕರೆಯನ್ನು ನೈಟ್ರಿಕ್ ಆಮ್ಲದೊಡನೆ ಕಾಯಿಸಿ ಒಂದು ಆಮ್ಲ ಪಡೆದ. ಗಿಡದ ಹುಳಿಯೂ ಅದೂ ಒಂದೇ ಎಂದು ಮುಂದೆ ಅವನೇ ತೋರಿಸಿದ. 1824ರಲ್ಲಿ ಜರ್ಮನಿಯ ಫ್ರೆಡ್‌ರಿಕ್ ವೋಲರ್ ಸಯನೋಜನ್ ಎಂಬ ಅನಿಲದಿಂದ ಇದೇ ಆಮ್ಲವನ್ನು ತಯಾರಿಸಿದ. ಜೀವಿಗಳಲ್ಲಿ ಮಾತ್ರ ಹುಟ್ಟಬಲ್ಲದೆಂದು ನಂಬಿದ್ದ ವಸ್ತುವನ್ನು ಪ್ರಯೋಗಾಲಯದಲ್ಲಿ ಮಾಡಿದವನೆಂದು ಪಠ್ಯಪುಸ್ತಕಗಳು ವೋಲರನನ್ನು ಕೊಂಡಾಡುವುದು 1828ರ ಯೂರಿಯಾದ ಕಾರಣಕ್ಕೆ. ಅದಕ್ಕೆ ನಾಲ್ಕು ವರ್ಷ ಮೊದಲೇ ಪುಲ್ಲಂಪುರಚಿಯ ಹುಳಿ ಅವನ ಗಾಜಿನ ಪಾತ್ರೆಯಲ್ಲಿ ತಯಾರಾಗಿತ್ತು.

ಮಸಿಕಲೆ ತೆಗೆಯುವ ಹುಳಿಯನ್ನು ಹೊಟ್ಟೆಗೆ ಹಾಕಿಕೊಳ್ಳಬಹುದೇ? ಸಹಜವಾದ ಪ್ರಶ್ನೆ, ಉತ್ತರ ಪ್ರಮಾಣದಲ್ಲಿದೆ. ಪಾಲಕ್, ಬಸಳೆ, ದಂಟು, ಚಹಾ ಎಲ್ಲದರಲ್ಲೂ ಆಕ್ಸಲೇಟ್ ಇದೆ. ದೇಹ ಸೇರಿದ ಆಕ್ಸಲೇಟ್ ಮೂತ್ರದಲ್ಲಿ ಹೊರಗೆ ಹೋಗಬೇಕು. ಮೂತ್ರದಲ್ಲಿ ಅದರ ಮಟ್ಟ ಏರಿದಾಗ ಅಲ್ಲಿರುವ ಕ್ಯಾಲ್ಸಿಯಂ ಜೊತೆ ಸೇರಿ ಹರಳಾಗುತ್ತದೆ. ಮೂತ್ರಪಿಂಡದ ಕಲ್ಲುಗಳಲ್ಲಿ ಬಹುಪಾಲು ಕ್ಯಾಲ್ಸಿಯಂ ಆಕ್ಸಲೇಟ್‌ನದೇ. ಹಾಗಾಗಿ ಕಲ್ಲಿನ ತೊಂದರೆ ಒಮ್ಮೆ ಬಂದವರು, ಮೂತ್ರಪಿಂಡ ದುರ್ಬಲವಾಗಿರುವವರು ಈ ಸೊಪ್ಪನ್ನು ವೈದ್ಯರ ಮಾತು ಕೇಳದೆ ತಿನ್ನಬಾರದು.

ಆರೋಗ್ಯವಂತರಿಗೂ ಅತಿಯಾದರೆ ಅಪಾಯವೇ. ಇದರ ನೆಂಟ ಬಿಂಬುಳಿಯ ಕಥೆ ಅದಕ್ಕೆ ಸಾಕ್ಷಿ. ಕೊಲೆಸ್ಟರಾಲ್ ಇಳಿಯುತ್ತದೆಂಬ ನಂಬಿಕೆಯಿಂದ ಬಿಂಬುಳಿಯ ಗಟ್ಟಿ ರಸವನ್ನು ಕುಡಿದ ಹತ್ತು ಮಂದಿಯ ಮೂತ್ರಪಿಂಡ ಹಠಾತ್ತನೆ ಕೆಟ್ಟುಹೋದದ್ದನ್ನು ಕೇರಳದ ವೈದ್ಯರು 2013ರಲ್ಲಿ ಇಂಡಿಯನ್ ಜರ್ನಲ್ ಆಫ್ ನೆಫ್ರಾಲಜಿಯಲ್ಲಿ ವರದಿ ಮಾಡಿದರು. ಮೀನುಸಾರಿಗೆ ನಾಲ್ಕು ಬಿಂಬುಳಿ ಹಾಕುವ, ಉಪ್ಪಿನಕಾಯಿಗೆ ಬೆರೆಸುವ ಪದ್ಧತಿ ಕರಾವಳಿಯಲ್ಲಿ ತಲೆತಲಾಂತರದಿಂದ ಇದೆ. ಅಡುಗೆಮನೆಯಲ್ಲಿ ತೊಂದರೆ ಕೊಡದ ಕಾಯಿ, ಔಷಧಿಯೆಂದು ಲೋಟಗಟ್ಟಲೆ ಕುಡಿದಾಗ ವಿಷವಾಯಿತು. ಮೊಬೈಲಿನಲ್ಲಿ ಹರಿದಾಡುವ ಸೊಪ್ಪಿನ ರಸದ ಸಲಹೆಗಳನ್ನು ಓದುವವರು ಈ ಹತ್ತು ಮಂದಿಯನ್ನು ನೆನಪಿಡಬೇಕು. ಪುಲ್ಲಂಪುರಚಿಯನ್ನು ಬೆಳಗ್ಗೆ ಖಾಲಿ ಹೊಟ್ಟೆಗೆ ಹಿಂಡಿ ಕುಡಿಯುವಂತೆ ಯಾರಾದರೂ ಹೇಳಿದರೆ ಕೇಳಬಾರದು.

ಮಲೆನಾಡಿನ ಹೆಂಗಸರು ಇದನ್ನು ಹಾಗೆ ಬಳಸಿದವರಲ್ಲ. ಅವರು ತಂಬುಳಿ ಮಾಡಿದರು. ತಂಬುಳಿಯ ವಿಧಾನವನ್ನು ಕೊಂಚ ಹತ್ತಿರದಿಂದ ನೋಡುವುದು ಒಳ್ಳೆಯದು.

ಮೊದಲು ಒಂದು ಹಿಡಿ ಸೊಪ್ಪು, ಅಷ್ಟೇ. ನೆಲಕ್ಕೆ ಹತ್ತಿ ಬೆಳೆಯುವುದರಿಂದ ಗೆಣ್ಣುಗಳಲ್ಲಿ ಮಣ್ಣು ಕೂತಿರುತ್ತದೆ. ಅಗಲ ಪಾತ್ರೆಯ ನೀರಿನಲ್ಲಿ ಮುಳುಗಿಸಿ, ಸೊಪ್ಪನ್ನು ಮೇಲೆತ್ತಿ, ತಳದಲ್ಲಿ ಮರಳು ಕಾಣದಷ್ಟು ಸಲ ತೊಳೆಯಬೇಕು. ಬಾಣಲೆಯಲ್ಲಿ ಅರ್ಧ ಚಮಚ ತುಪ್ಪ, ಜೀರಿಗೆ, ನಾಲ್ಕೈದು ಕಾಳುಮೆಣಸು. ಜೀರಿಗೆ ಸಿಡಿದಾಗ ಸೊಪ್ಪು ಹಾಕಿದರೆ ಕ್ಷಣದಲ್ಲಿ ಬಾಡಿ, ಹಸಿರು ಹೋಗಿ ಮಂಕು ಬಣ್ಣಕ್ಕೆ ತಿರುಗುತ್ತದೆ. ಆಮ್ಲ ಎಲೆಯ ಹಸಿರನ್ನು ಕೆಡಿಸುವುದರಿಂದ ಹಾಗಾಗುತ್ತದೆ, ಗಾಬರಿ ಬೇಡ. ಆರಿದ ಮೇಲೆ ಕಾಯಿತುರಿಯೊಡನೆ ನುಣ್ಣಗೆ ರುಬ್ಬಿ, ಉಪ್ಪು ಹಾಕಿ, ಮಜ್ಜಿಗೆಗೆ ಬೆರೆಸಿ, ಸಾಸಿವೆ, ಒಣಮೆಣಸಿನ ಒಗ್ಗರಣೆ. ಸೊಪ್ಪಿಗೇ ಹುಳಿ ಇರುವುದರಿಂದ ಮಜ್ಜಿಗೆ ಸಿಹಿಯಾಗಿರಬೇಕು, ಆ ದಿನದ್ದಾಗಿರಬೇಕು. ಮೊಸರು ಕಡೆದು ನೀರು ಕಡಿಮೆ ಹಾಕಿದ ಗಟ್ಟಿ ಮಜ್ಜಿಗೆಯಾದರೆ ಇನ್ನೂ ಒಳ್ಳೆಯದು. ತಂಬುಳಿಯನ್ನು ಕುದಿಸುವುದಿಲ್ಲ. ಕಲಾಯಿ ಇಲ್ಲದ ತಾಮ್ರ, ಹಿತ್ತಾಳೆಯ ಪಾತ್ರೆಯಲ್ಲಿ ಇಡುವುದೂ ಇಲ್ಲ. ಕನ್ನಡಿ ಉಜ್ಜುವ ಹುಳಿ ಪಾತ್ರೆಯ ಲೋಹವನ್ನೂ ಎಬ್ಬಿಸುತ್ತದೆ. ಅದಕ್ಕೆ ಬಳಪದ ಕಲ್ಲಿನ ಮರಿಗೆಯೋ ಸ್ಟೀಲಿನ ಪಾತ್ರೆಯೋ ಸರಿ.

ಇಲ್ಲಿ ಮಜ್ಜಿಗೆಯ ಪಾತ್ರ ರುಚಿಗಷ್ಟೇ ಸೀಮಿತವಲ್ಲ. ಹಾಲು, ಮೊಸರು, ಮಜ್ಜಿಗೆಯ ಕ್ಯಾಲ್ಸಿಯಂ ಅದೇ ತುತ್ತಿನಲ್ಲಿ ಹೊಟ್ಟೆಗೆ ಹೋದಾಗ ಆಕ್ಸಲೇಟನ್ನು ಕರುಳಿನಲ್ಲೇ ಹಿಡಿದುಕೊಳ್ಳುತ್ತದೆ. ಹಾಗೆ ಹುಟ್ಟಿದ ಕ್ಯಾಲ್ಸಿಯಂ ಆಕ್ಸಲೇಟ್ ನೀರಿನಲ್ಲಿ ಕರಗುವುದಿಲ್ಲ, ರಕ್ತಕ್ಕೆ ಸೇರುವುದಿಲ್ಲ, ಮಲದಲ್ಲಿ ಹೊರಗೆ ಹೋಗುತ್ತದೆ. ಮೂತ್ರಪಿಂಡದಲ್ಲಿ ಕಲ್ಲಾಗುವ ಜೋಡಿಯೇ ಕರುಳಿನಲ್ಲಿ ಸೇರಿದರೆ ರಕ್ಷಣೆಯಾಗುತ್ತದೆ. ಬಹಳ ಕಾಲ ವೈದ್ಯರು ಕಲ್ಲಿನ ರೋಗಿಗಳಿಗೆ ಹಾಲು, ಮೊಸರು ಬಿಡಿ ಎನ್ನುತ್ತಿದ್ದರು. ಅಮೆರಿಕದ ಗ್ಯಾರಿ ಕರ್‌ಹನ್ ಮತ್ತು ಸಂಗಡಿಗರು 45 ಸಾವಿರಕ್ಕೂ ಹೆಚ್ಚು ಗಂಡಸರನ್ನು ನಾಲ್ಕು ವರ್ಷ ಗಮನಿಸಿ 1993ರಲ್ಲಿ ನ್ಯೂ ಇಂಗ್ಲೆಂಡ್ ಜರ್ನಲ್ ಆಫ್ ಮೆಡಿಸಿನ್‌ನಲ್ಲಿ ಬರೆದ ಲೇಖನ ಆ ಸಲಹೆಯನ್ನು ತಿರುಗಿಸಿತು: ಊಟದಲ್ಲಿ ಕ್ಯಾಲ್ಸಿಯಂ ಹೆಚ್ಚು ತೆಗೆದುಕೊಳ್ಳುವವರಲ್ಲಿ ಕಲ್ಲು ಕಡಿಮೆ ಕಂಡಿತ್ತು. ಮಲೆನಾಡಿನ ಅಡುಗೆಯವರು ಈ ರಸಾಯನಶಾಸ್ತ್ರ ಓದಿ ತಂಬುಳಿ ಕಂಡುಹಿಡಿದರೆಂದು ಹೇಳುವಂತಿಲ್ಲ. ಆದರೆ ಹಸಿ ಸೊಪ್ಪನ್ನು ಒಂದೇ ಹಿಡಿಗೆ ನಿಲ್ಲಿಸಿ, ಮಜ್ಜಿಗೆಯೊಡನೆ ಅನ್ನಕ್ಕೆ ಕಲಸಿ ಉಣ್ಣುವ ರೂಢಿ ಕಾಲದ ಪರೀಕ್ಷೆಯಲ್ಲಿ ಪಾಸಾಗಿದೆ. ಇವತ್ತಿನ ವಿಜ್ಞಾನದ ಕಣ್ಣಿಗೂ ಅದು ಸರಿಯಾದ ಜೋಡಣೆ.

ಚರಕ ಸಂಹಿತೆಯಲ್ಲೂ ಇದೇ ಜೋಡಿ ಸಿಗುತ್ತದೆ ಎಂಬುದು ಕುತೂಹಲದ ವಿಷಯ. ಅಲ್ಲಿನ ಚಾಂಗೇರಿ ಘೃತದಲ್ಲಿ ಶುಂಠಿ ಮೊದಲಾದವನ್ನು ಅರೆದು, ಚಾಂಗೇರಿಯ ರಸ ಮತ್ತು ಮೊಸರಿನೊಡನೆ ತುಪ್ಪ ಕಾಯಿಸುತ್ತಾರೆ. ಗ್ರಹಣಿಯಂಥ ಕರುಳಿನ ತೊಂದರೆಗೆ, ಗುದಭ್ರಂಶಕ್ಕೆ ವೈದ್ಯರು ಕೊಡುವ ಮದ್ದು ಅದು.

ಬಯಲುಸೀಮೆಯ ಬೆರಕೆಸೊಪ್ಪಿನ ದಾರಿ ಬೇರೆ. ಕೋಲಾರ, ತುಮಕೂರು, ಮಂಡ್ಯದ ಕಡೆ ಮಳೆ ಬಿದ್ದ ಮೇಲೆ ಹೆಂಗಸರು ಹೊಲದ ಬದುವಿನಲ್ಲಿ ಅಣ್ಣೆಸೊಪ್ಪು, ಗೋಣಿಸೊಪ್ಪು, ಹೊನಗೊನೆ ಎಂದು ಸಿಕ್ಕಿದ್ದನ್ನೆಲ್ಲ ಮಡಿಲು ತುಂಬ ಆಯುತ್ತಾರೆ. ಹುಳಿಸೊಪ್ಪು ಅದರೊಳಗೆ ನಾಲ್ಕು ಎಳೆಯಾಗಿ ಬೀಳುತ್ತದೆ, ಹುಣಸೆ ಕಡಿಮೆ ಹಾಕಿದರೂ ನಡೆಯುತ್ತದೆ. ಸೊಪ್ಪನ್ನು ಬೇಯಿಸಿ ನೀರು ಬಸಿದರೆ ಕರಗಿದ ಆಕ್ಸಲೇಟ್ ನೀರಿನೊಡನೆ ಹೋಗುತ್ತದೆಂದು ಆಹಾರತಜ್ಞರು ಹೇಳುವುದು ನಿಜ. ಆದರೆ ಬಸ್ಸಾರು ಮಾಡುವವರು ಬಸಿದ ನೀರನ್ನೇ ಸಾರು ಮಾಡುತ್ತಾರಲ್ಲ, ಅದು ಎಲ್ಲಿಗೂ ಹೋಗುವುದಿಲ್ಲ. ಅಲ್ಲಿ ಕಾಪಾಡುವುದು ಬೆರಕೆ. ಹತ್ತು ಬಗೆಯಲ್ಲಿ ಒಂದಾಗಿ ಬರುವ ಸೊಪ್ಪು ಹೆಚ್ಚಾಗಲು ಅವಕಾಶವೇ ಇಲ್ಲ.

ಈಗಿನ ದೊಡ್ಡ ಆತಂಕ ಸೊಪ್ಪಿನೊಳಗಿನ ಆಮ್ಲದ್ದಲ್ಲ, ಅದರ ಮೇಲೆ ಬಿದ್ದ ವಿಷದ್ದು. ಕಳೆ ಕೀಳಲು ಆಳು ಸಿಗದ ಕಾರಣಕ್ಕೆ ಅಡಿಕೆ ತೋಟ, ಕಾಫಿ ತೋಟ, ಹೊಲದ ಬದು, ಲೇಔಟಿನ ಖಾಲಿ ಸೈಟು ಎಲ್ಲ ಕಡೆಗೂ ಕಳೆನಾಶಕದ ಸಿಂಪಡಣೆ ಬಂದಿದೆ. ಗ್ಲೈಫೊಸೇಟ್ ಬಳಕೆಯನ್ನು ಕೇಂದ್ರ ಸರಕಾರ 2022ರ ಅಕ್ಟೋಬರಿನಲ್ಲಿ ಪರವಾನಗಿ ಪಡೆದ ಕೀಟನಿಯಂತ್ರಣ ಕಾರ್ಯಕರ್ತರಿಗೆ ಮಾತ್ರ ಸೀಮಿತಗೊಳಿಸಿ ಆದೇಶ ಹೊರಡಿಸಿತು. ಆಳಿನ ಕೊರತೆ ನಿಜವಾದ ಕಷ್ಟ, ರೈತರನ್ನು ದೂರಿ ಪ್ರಯೋಜನವಿಲ್ಲ. ಆದರೆ ಸಿಂಪಡಿಸಿದ ಜಾಗದಲ್ಲಿ ಪುಲ್ಲಂಪುರಚಿ ಮಾತ್ರ ಸಾಯುವುದಿಲ್ಲ, ಒಂದೆಲಗವೂ ನೆಲನೆಲ್ಲಿಯೂ ಹೊನಗೊನೆಯೂ ಜೊತೆಗೇ ಹೋಗುತ್ತವೆ. ಅಜ್ಜಿ ತೋರಿಸಿ ಕಲಿಸಬೇಕಾದ ಗಿಡವೇ ಅಂಗಳದಲ್ಲಿ ಇಲ್ಲವೆಂದರೆ ಮೊಮ್ಮಗಳಿಗೆ ತಂಬುಳಿಯ ಪಾಠ ಎಲ್ಲಿಂದ ಶುರುವಾಗಬೇಕು?

ಹೋಗುವವರಲ್ಲಿ ಒಂದು ಚಿಟ್ಟೆಯೂ ಇದೆ. ಉಗುರಿನಗಲದ, ಬೂದು ಮಿಶ್ರಿತ ನೀಲಿ ರೆಕ್ಕೆಯ ಪೇಲ್ ಗ್ರಾಸ್ ಬ್ಲೂ ಮೊಟ್ಟೆಯಿಡುವುದು ಇದೇ ಗಿಡದ ಮೇಲೆ, ಅದರ ಹುಳುವಿಗೆ ಇದೇ ಆಹಾರ. ಈ ನಂಟು ಎಷ್ಟು ಗಟ್ಟಿಯೆಂದರೆ, 2011ರ ಫುಕುಶಿಮಾ ಅಣುಸ್ಥಾವರದ ದುರಂತದ ನಂತರ ವಿಕಿರಣದ ಪರಿಣಾಮ ತಿಳಿಯಲು ಓಕಿನಾವಾದ ರ‍್ಯೂಕ್ಯೂಸ್ ವಿಶ್ವವಿದ್ಯಾಲಯದ ಜೋಜಿ ಒತಾಕಿ ತಂಡ ಆರಿಸಿಕೊಂಡದ್ದು ಈ ಚಿಟ್ಟೆಯನ್ನು. ಫುಕುಶಿಮಾ ಸುತ್ತಲಿನ ಪುಲ್ಲಂಪುರಚಿಯ ಎಲೆಗಳನ್ನು ತಂದು, ದೂರದ ಓಕಿನಾವಾದ ಆರೋಗ್ಯವಂತ ಹುಳುಗಳಿಗೆ ತಿನ್ನಿಸಿ ನೋಡಿದರು. ಸಾವುಗಳೂ ಚಿಟ್ಟೆಗಳಲ್ಲಿ ಅಂಗವಿಕಾರಗಳೂ ಹೆಚ್ಚಿದವೆಂದು 2012ರಲ್ಲಿ ಸೈಂಟಿಫಿಕ್ ರಿಪೋರ್ಟ್ಸ್‌ನಲ್ಲಿ ಪ್ರಕಟಿಸಿದರು. ಅದರ ಸುತ್ತ ವಿಜ್ಞಾನಿಗಳಲ್ಲಿ ಬಿರುಸಿನ ವಾದವೂ ನಡೆಯಿತು. ಅದೇ ಜಾತಿಯ ಚಿಟ್ಟೆ ಕರ್ನಾಟಕದ ಉದ್ಯಾನಗಳಲ್ಲಿ, ಮನೆಯಂಗಳಗಳಲ್ಲಿ ನೆಲದಿಂದ ಒಂದಡಿ ಮೇಲೆ ಹಾರಾಡುತ್ತದೆ. ಹುಲ್ಲುಹಾಸಿನಿಂದ ಪುಲ್ಲಂಪುರಚಿಯನ್ನು ಪೂರ್ತಿ ಒರೆಸಿ ತೆಗೆದ ಕಡೆ ಅದಕ್ಕೆ ಮೊಟ್ಟೆಯಿಡಲು ಜಾಗವಿರುವುದಿಲ್ಲ.

ಆಯಲು ಹೊರಟವರು ರಸ್ತೆಬದಿ, ಚರಂಡಿಯಂಚು, ನಾಯಿ ಓಡಾಡುವ ಪಾರ್ಕುಗಳನ್ನು ಬಿಡಬೇಕು. ಗುಲಾಬಿ ಬಣ್ಣದ ಹೂವಿನ, ದೊಡ್ಡೆಲೆಯ ಇನ್ನೊಂದು ಆಕ್ಸಾಲಿಸ್ ಅಮೆರಿಕ ಖಂಡದಿಂದ ಬಂದು ನಮ್ಮ ತೋಟಗಳಲ್ಲಿ ನೆಲೆಸಿದೆ. ಮಣ್ಣಿನೊಳಗೆ ಪುಟ್ಟಪುಟ್ಟ ಗೆಡ್ಡೆ ಚೆಲ್ಲಿ ಹಬ್ಬುವ ಅದು ನಿಜಕ್ಕೂ ಕಾಡುವ ಕಳೆ. ತಂಬುಳಿಗೆ ಬೇಕಾದದ್ದು ಹಳದಿ ಹೂವಿನದು. ಎಲ್ಲಕ್ಕಿಂತ ಸುಲಭವೆಂದರೆ ಅಗಲ ಬಾಯಿಯ ಹಳೆಯ ಬೋಗುಣಿಯೊಂದಕ್ಕೆ ಮಣ್ಣು ತುಂಬಿ, ಬೇರು ಬಿಟ್ಟ ಗೆಣ್ಣುಗಳನ್ನು ಊರಿ ಬೆಳೆಸುವುದು. ದಿನಕ್ಕೆ ನಾಲ್ಕು ಗಂಟೆ ಬಿಸಿಲು ಸಾಕು, ಗೊಬ್ಬರ ಬೇಕಿಲ್ಲ. ಕಾಯಿ ಬಲಿಯುವ ಮೊದಲೇ ಕತ್ತರಿಯಿಂದ ಮೇಲ್ಮೇಲೆ ಕೊಯ್ದರೆ ಪಕ್ಕದ ಕುಂಡಗಳಿಗೆ ಬೀಜ ಹಾರುವುದಿಲ್ಲ, ಹೊಸ ಚಿಗುರೂ ಬೇಗ ಬರುತ್ತದೆ. ಕೊಯ್ಯುವ ಮೊದಲು ಎಲೆಯ ಅಡಿಮೈ ತಿರುಗಿಸಿ ನೋಡುವುದು ಒಳ್ಳೆಯದು. ಚಪ್ಪಟೆಯಾದ ಹಸಿರು ಹುಳು ಕೂತಿದ್ದರೆ, ಅದು ಬಿಡುವ ಸಿಹಿ ಹನಿಗಾಗಿ ಒಂದೆರಡು ಇರುವೆ ಸುತ್ತ ಓಡಾಡುತ್ತಿದ್ದರೆ ಅದು ಈ ನೀಲಿ ಚಿಟ್ಟೆಯ ಮರಿಯಿರಬಹುದು. ಆ ಎಳೆಯನ್ನು ಬಿಟ್ಟು ಪಕ್ಕದ್ದನ್ನು ಕೊಯ್ದರೂ ಒಂದು ಹಿಡಿ ಸೊಪ್ಪಿಗೆ ಕೊರತೆಯಾಗುವುದಿಲ್ಲ.